ಸೋರೆಬುರುಡೆ ಕಟ್ಟಿ ಕೃಷ್ಣೆ ದಾಟಿದವರು

ಯಾದಗಿರಿಯಿಂದ ಹೊರಟ ಬಸ್ಸು ಭೀಮಾ ನದಿ ದಾಟಿ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವನ್ನು ತೋರಿಸಿ ಸುರಪುರ ಸೇರುತ್ತದೆ. ಅಲ್ಲಿಂದ ಕಕ್ಕೇರಾದತ್ತ ಸಾಗಿದರೆ ಕೃಷ್ಣೆ. ಹೊಳೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ಪುಟ್ಟ ಊರು.

2014ರ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿದ್ದಾಗ ಇಲ್ಲಿನ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತವರಿನವರ ಆಸರೆಯಲ್ಲಿ ಈಜಿ ದಡ ಸೇರಿದರು. ಆಸ್ಪತ್ರೆಯಲ್ಲೇ ಹೆರಿಗೆಯಾಗಲೆಂಬ ಹಟ ಅವರದು. ಸಾಹಸವೆಂದು ಪತ್ರಿಕೆಗಳು ಹೊಗಳಿದವು. ಬೇರೆ ದಾರಿಯೇ ಇರಲಿಲ್ಲವೆನ್ನುವುದು ಹೆಚ್ಚು ಸರಿ.

ಬುರುಡೆ ಹೇಗೆ ಹೊರುತ್ತದೆ? ಒಂದು ಲೀಟರು ನೀರನ್ನು ಸರಿಸಿದ ವಸ್ತುವನ್ನು ನೀರು ಒಂದು ಕಿಲೋದಷ್ಟು ಮೇಲಕ್ಕೆ ಒತ್ತುತ್ತದೆ. ಐದು ಲೀಟರು ಗಾತ್ರದ, ಅರ್ಧ ಕಿಲೋ ತೂಕದ ಬುರುಡೆ ಪೂರ್ತಿ ಮುಳುಗಿದಾಗ ನಾಲ್ಕೂವರೆ ಕಿಲೋ ಎತ್ತಬಲ್ಲದು. ನಮ್ಮ ತಲೆಯ ತೂಕ ಹೆಚ್ಚುಕಡಿಮೆ ಅಷ್ಟೇ! ಆದರೆ ಕಟ್ಟು ಕಂಕುಳ ಕೆಳಗೇ ಬಿಗಿಯಾಗಿರಬೇಕು. ಸೊಂಟಕ್ಕೆ ಜಾರಿತೋ, ಸೊಂಟ ಮೇಲೆದ್ದು ಮುಖ ಮುಳುಗುತ್ತದೆ.

ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವವರು ತೊಡುವ ಗಾಳಿಚೀಲದ ಜಾಕೆಟ್ಟಿಗೂ ಇದೇ ಲೆಕ್ಕ. ಅದು ಸಡಿಲವಾದರೆ ಮೈಬಿಟ್ಟು ಮೇಲೇರುತ್ತದೆ. ಅದಕ್ಕೇ ಭುಜ, ಎದೆ, ಹೊಟ್ಟೆಯ ಪಟ್ಟಿಗಳನ್ನು ಒಬ್ಬೊಬ್ಬರ ಅಳತೆಗೆ ಬಿಗಿಯುತ್ತಾರೆ. ಒಂದೇ ಭೇದ: ಜಾಕೆಟ್ಟಿಗೆ ಗಾಳಿ ತುಂಬಿ ಏರಬಹುದು, ಬಿಟ್ಟು ಇಳಿಯಬಹುದು. ಬುರುಡೆಗೆ ತೇಲುವುದಷ್ಟೇ ಗೊತ್ತು, ಬಿರುಕು ಬಿಟ್ಟರೆ ಅದೂ ಇಲ್ಲ.

ಮಕ್ಕಳನ್ನು ತೆಪ್ಪ ಹತ್ತಿಸುವ ತಂದೆತಾಯಿಗಳು ಲೈಫ್ ಜಾಕೆಟ್ ತೊಡಿಸಿ, ಅದರ ಭುಜದ ಭಾಗ ಹಿಡಿದು ಮೇಲಕ್ಕೆಳೆದು ನೋಡಲಿ. ಕಿವಿಯವರೆಗೆ ಏರಿತೆಂದರೆ ಅದು ಆ ಮಗುವಿನ ಅಳತೆಯದಲ್ಲ, ಬೇರೆ ಕೇಳಿ.