ವಿದ್ಯಾರ್ಥಿಯೂ ಆಟದ ಗಣಕಯಂತ್ರವೂ

ಹುಬ್ಬಳ್ಳಿ-ಧಾರವಾಡಗಳು ವಿದ್ಯೆಯ ತವರುಗಳೆನಿಸಿ ಬಹುಕಾಲವಾಯಿತು. ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. ೨೦೧೬ರಲ್ಲಿ ಧಾರವಾಡಕ್ಕೆ ಭಾರತೀಯ ತಂತ್ರಜ್ಞಾನ ಸಂಸ್ಥೆಯೂ ಬಂದಿತು. ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಹತ್ತಿ-ಕಡಲೆ ಬೆಳೆವ ತಂದೆಯರು ಮಕ್ಕಳನ್ನು ಈ ಅವಳಿ ನಗರಗಳಿಗೆ ಕಳುಹಿ ಓದಿಸುತ್ತಾರೆ. ಅಂತಹ ಮಗನು ಕಾಲೇಜು ಸೇರಿದ ಮೇಲೆ, ಅಭ್ಯಾಸಕ್ಕೂ ಆಟಕ್ಕೂ ಒದಗುವ ಗಣಕಯಂತ್ರವೊಂದನ್ನು ಬಯಸುವುದುಂಟು. ಆಗ ತಂದೆಯ ಮನದಲ್ಲಿ ಎರಡು ಅಳುಕುಗಳು ಹುಟ್ಟುತ್ತವೆ: ಒಂದು ಹಣದ್ದು, ಇನ್ನೊಂದು ಆಟದ್ದು.

ಮನುಷ್ಯನಿಗೆ ಆಟವಾದುದು ಯಂತ್ರಕ್ಕೆ ಬಲು ದುಡಿಮೆ. ಸಾಮಾನ್ಯವಾದ ತೆರೆಯೊಂದರಲ್ಲಿ ಅಡ್ಡಲಾಗಿ ೧೯೨೦, ಮೇಲಿಂದ ಕೆಳಗೆ ೧೦೮೦, ಒಟ್ಟು ೨೦,೭೩,೬೦೦ ಚುಕ್ಕೆಗಳಿರುತ್ತವೆ. ಚಿತ್ರವು ತಡವರಿಸದೆ ಚಲಿಸಬೇಕಾದರೆ ಇವೆಲ್ಲವನ್ನೂ ಸೆಕೆಂಡಿಗೆ ೬೦ ಬಾರಿ ಹೊಸದಾಗಿ ಬರೆಯಬೇಕು. ಎಂದರೆ ಹನ್ನೆರಡು ಕೋಟಿಗೂ ಮಿಗಿಲಾದ ಚುಕ್ಕೆಗಳು. ಈ ಹೊರೆಯನ್ನು ಹೊರುವುದು ಗ್ರಾಫಿಕ್ಸ್ ಘಟಕ. ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡು ಕೊಂಡರೆ ಅಲ್ಪಧನದ ದೊಡ್ಡ ಪಾಲು ಅದಕ್ಕೇ ಸಲ್ಲುತ್ತದೆ. ಆದುದರಿಂದ ಆರಂಭಕ್ಕೆ, ಚಿತ್ರಘಟಕವನ್ನು ತನ್ನೊಳಗೇ ಅಡಗಿಸಿಕೊಂಡ ಪ್ರೊಸೆಸರು ಲೇಸು. ಎ.ಎಂ.ಡಿ. ಸಂಸ್ಥೆಯು ೨೦೨೧ರಲ್ಲಿ ಹೊರತಂದ, ಆರು ಕೋರುಗಳುಳ್ಳ ರೈಜೆನ್ ೫ ೫೬೦೦ಜಿ ಈ ಜಾತಿಯದು. ಭಾರವಾದ ಆಟಗಳಲ್ಲಿ ಚಿತ್ರದ ಅಳತೆಯನ್ನು ೧೨೮೦ಕ್ಕೆ ೭೨೦ರಂತೆ ಇಳಿಸಿದರೆ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾಗಿ ಯಂತ್ರವು ಉಸಿರಾಡುತ್ತದೆ.

ಒಳಗಿನ ಚಿತ್ರಘಟಕಕ್ಕೆ ಸ್ವಂತ ಸ್ಮರಣಕೋಶವಿಲ್ಲ. ಅದು ರ‍್ಯಾಮಿನಿಂದಲೇ ಕಡ ಪಡೆಯುತ್ತದೆ. ಆದ ಕಾರಣ ೧೬ ಜಿ.ಬಿ.ಯ ಒಂದೇ ಫಲಕಕ್ಕಿಂತ ೮ ಜಿ.ಬಿ.ಯ ಎರಡು ಫಲಕಗಳು ಮೇಲು. ಮಾಹಿತಿ ಸಾಗುವ ದಾರಿ ಇಮ್ಮಡಿಯಾಗುತ್ತದೆ. ಒಂಟೆತ್ತಿನ ಬಂಡಿಗೂ ಜೋಡೆತ್ತಿನ ಬಂಡಿಗೂ ಇರುವ ಅಂತರವೇ ಇಲ್ಲಿಯೂ ಇದೆ. ಸುತ್ತುವ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಇದ್ದರೆ ಕಾಯುವ ಹೊತ್ತು ಉಳಿಯುತ್ತದೆ.

ಬಣ್ಣಬಣ್ಣದ ದೀಪಗಳ ಪೆಟ್ಟಿಗೆಗೆ ಮರುಳಾಗಿ, ವಿದ್ಯುತ್ತನ್ನು ಹದಗೊಳಿಸುವ ಎಸ್.ಎಂ.ಪಿ.ಎಸ್.ನಲ್ಲಿ ಉಳಿತಾಯ ಮಾಡುವವರುಂಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಅವರಿಗೆ ಸಲ್ಲುತ್ತದೆ. ಕಳಪೆಯಾದ ಎಸ್.ಎಂ.ಪಿ.ಎಸ್. ಕೆಟ್ಟರೆ ತಾನೊಂದೇ ಕೆಡದೆ ಉಳಿದ ಅಂಗಗಳನ್ನೂ ಕೆಡಿಸಬಲ್ಲದು. ಮುಂದೆ ಗ್ರಾಫಿಕ್ಸ್ ಕಾರ್ಡು ಸೇರಿಸುವ ಆಸೆಯಿದ್ದರೆ ಅದರ ಬಲವನ್ನು ಈಗಲೇ ಎಣಿಸಿ ಕೊಳ್ಳಬೇಕು. ಎರೆಸೀಮೆಯ ಧೂಳು, ಚೈತ್ರ-ವೈಶಾಖದ ಬಿಸಿಲು ಇವೆರಡನ್ನೂ ನೆನೆದು, ಗಾಳಿಯಾಡುವ ಪೆಟ್ಟಿಗೆಯನ್ನು ಆರಿಸಿ, ತಿಂಗಳಿಗೊಮ್ಮೆ ಧೂಳು ತೆಗೆಯಬೇಕು.

ಈ ಅಂಗಗಳನ್ನು ವಿದ್ಯಾರ್ಥಿಯೇ ಸ್ವಹಸ್ತದಿಂದ ಜೋಡಿಸುವುದು ಉಚಿತ. ಮೊದಲು ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಪ್ರೊಸೆಸರಿನ ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಮೆಲ್ಲನೆ ಇಳಿಬಿಡಬೇಕು. ಬಲವಂತವಾಗಿ ಒತ್ತಿದರೆ ಸೂಜಿಯಂತಹ ಕಾಲುಗಳು ಬಾಗಿ, ಹೊಲದ ಬೆವರು ಕ್ಷಣದಲ್ಲಿ ವ್ಯರ್ಥವಾಗುತ್ತದೆ. ಆ ಎಚ್ಚರವು ಪಠ್ಯದಲ್ಲಿ ದೊರೆಯುವಂಥದಲ್ಲ.

ತಂದೆಯ ಮೊದಲ ಅಳುಕನ್ನು ಹೀಗೆ ಲೆಕ್ಕಾಚಾರವು ಕಳೆಯುತ್ತದೆ. ಎರಡನೆಯದನ್ನು ಕಳೆಯಬೇಕಾದವನು ಮಗನೇ. ಹಗಲು ಪಾಠವನ್ನೂ ಪ್ರೋಗ್ರಾಮನ್ನೂ ಬರೆಯಿಸಿದ ಯಂತ್ರವೇ ಸಂಜೆ ಒಂದು ಗಳಿಗೆ ಆಟವಾಡಿಸಿದರೆ ದೋಷವಿಲ್ಲ. ಇರುಳೆಲ್ಲ ಆಡಿ ಬೆಳಗಿನ ತರಗತಿಯನ್ನು ತಪ್ಪಿಸಿದರೆ, ಎಷ್ಟು ಅಗ್ಗದ ಯಂತ್ರವೂ ಆ ಮನೆಗೆ ದುಬಾರಿಯೇ. ವಿದ್ಯಾರ್ಥಿಗಳು ಇದನ್ನು ಮನಗಾಣಲಿ.