ನಾಲ್ಕು ನೋಟ, ಒಂದು ನದಿ

ಮುದುಕ, ರೋಗಿ, ಹೆಣ, ಸಂನ್ಯಾಸಿ – ಈ ನಾಲ್ಕು ನೋಟಗಳ ಕಥೆಯನ್ನು 20 ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಹೇಳುವಾಗ ಕಂಠ ತಾನಾಗಿಯೇ ಗದ್ಗದವಾಗುವಷ್ಟು ಅಭ್ಯಾಸ. ಮೊನ್ನೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "29 ವರ್ಷವಾಗುವ ತನಕ ಅವನು ಒಬ್ಬ ಮುದುಕನನ್ನೂ ಕಾಣಲಿಲ್ಲವೇ ಸಾರ್?" ಎಂದ. ತರಗತಿ ನಕ್ಕಿತು. "ಕಾವ್ಯವನ್ನು ಹಾಗೆಲ್ಲ ಕೆದಕಬಾರದಯ್ಯಾ" ಎಂದು ಕೂರಿಸಿಬಿಟ್ಟೆ.

ಮನೆಗೆ ಬಂದರೆ ಕಾಫಿ ರುಚಿಸಲಿಲ್ಲ. ಆ ಪ್ರಶ್ನೆಯನ್ನೇ ಅಂಬೇಡ್ಕರರು, ಅವರ ನಿಧನಾನಂತರ 1957ರಲ್ಲಿ ಹೊರಬಂದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಎತ್ತಿದ್ದಾರೆ. ರೋಹಿಣೀ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ನಿಂತಾಗ ಸಿದ್ಧಾರ್ಥ ಒಪ್ಪದೆ, ತಾನಾಗಿಯೇ ಪರಿವ್ರಾಜಕನಾಗಿ ದೇಶ ಬಿಟ್ಟನೆಂಬುದು ಅವರ ನಿರೂಪಣೆ.

ಇದು ನಿಲ್ಲುವ ಮಾತೇ? ಒರೆಗಲ್ಲನ್ನು ಬುದ್ಧನೇ ಕೊಟ್ಟಿದ್ದಾನೆ: ಯಾರು ಹೇಳಿದರೂ ಸುತ್ತ-ವಿನಯಗಳೊಡನೆ ಹೋಲಿಸಿ ನೋಡಿರಿ ಎನ್ನುತ್ತದೆ ಮಹಾಪರಿನಿಬ್ಬಾಣ ಸುತ್ತ. ಉಜ್ಜಿ ನೋಡಿದೆ. ಪಾಲಿಯ ಅಟ್ಠಕಥೆಗಳಲ್ಲಿ ರೋಹಿಣಿಯ ಜಗಳವೇನೋ ಇದೆ. ಆದರೆ ಅದನ್ನು ಬಿಡಿಸಿದವನು ಬುದ್ಧನಾದ ಮೇಲಿನ ಗೌತಮ. ಅಂಬೇಡ್ಕರರು ಅದನ್ನು ಹಿಂದಕ್ಕೆ ಸರಿಸಿದ್ದಾರೆ.

ಸರಿ, ನನ್ನ ನಾಲ್ಕು ನೋಟಗಳು? ಬುದ್ಧನೇ ತನ್ನ ಗೃಹತ್ಯಾಗವನ್ನು ನೆನೆಯುವ ಅರಿಯಪರಿಯೇಸನ ಸುತ್ತದಲ್ಲಿ ಅವೂ ಇಲ್ಲ! ನಡುರಾತ್ರಿಯಿಲ್ಲ, ಕುದುರೆಯಿಲ್ಲ. ಕಣ್ಣೀರಿಡುವ ತಾಯಿತಂದೆಯರ ಎದುರಿಗೇ ತಲೆ ಬೋಳಿಸಿಕೊಂಡು ಹೊರಟ ಒಬ್ಬ ತರುಣನಿದ್ದಾನೆ, ಅಷ್ಟೆ.

ಹೊಸಬರ ಚಿನ್ನವನ್ನು ಮಾತ್ರ ಉಜ್ಜಿ, ನಮ್ಮದನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವುದು ಯಾವ ನ್ಯಾಯ? ನಾಳೆ ಆ ಹುಡುಗನನ್ನು ಎಬ್ಬಿಸುವುದಿಲ್ಲ. ಅವನು ಕೂತಿರಲಿ, ನಿಂತು ಉತ್ತರ ಹೇಳಬೇಕಾದವನು ನಾನು.