ಸೀಟಿನ ಮೇಲೊಂದು ಟವೆಲ್

ಕಾಫಿ ಕುಡಿದರೆ ಚೈತನ್ಯ ಬರುತ್ತದೆ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಅವರ ಕೈಯಲ್ಲಿ ಬಿಸಿ ಲೋಟವಿರುತ್ತದೆ. ಆದರೂ ನಿಜ ಏನೆಂದರೆ, ಕಾಫಿ ಏನನ್ನೂ ಕೊಡುವುದಿಲ್ಲ. ದಣಿವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ನೋಡಿಕೊಳ್ಳುತ್ತದೆ, ಅಷ್ಟೆ.

ಸುದ್ದಿ ಹೊರುವ ರಾಸಾಯನಿಕದ ಹೆಸರು ಅಡೆನೊಸಿನ್. ಮಿದುಳಿನ ಕೋಶಗಳು ದಿನವಿಡೀ ಎಟಿಪಿ ಎಂಬ ಇಂಧನ ಸುಡುತ್ತವೆ. (ಈ ಎಟಿಪಿಯನ್ನು 1929ರಲ್ಲಿ ಕಂಡುಹಿಡಿದವರಲ್ಲಿ ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ನೊಬೆಲ್ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅದು ಇನ್ನೊಂದು ದಿನದ ಹರಟೆ.) ಎಟಿಪಿ ಕರಗಿದಂತೆಲ್ಲ ಕೋಶಗಳ ಹೊರಗೆ ಅಡೆನೊಸಿನ್ ಸೇರುತ್ತಾ ಹೋಗುತ್ತದೆ. ನರಕೋಶದ ಪೊರೆಯ ಮೇಲೆ ಅದಕ್ಕೆಂದೇ ರಿಸೆಪ್ಟರ್ ಎಂಬ ಪ್ರೋಟೀನುಗಳಿವೆ. ಅಲ್ಲಿ ಬಂದು ಕೂತರೆ ಒಳಗೆ ಸಂಕೇತ ಹೋಗಿ ಕೋಶದ ಗಲಾಟೆ ತಗ್ಗುತ್ತದೆ, ನಮಗೆ ಆಕಳಿಕೆ.

ಕೆಫೀನಿನ ಆಕಾರ ಅಡೆನೊಸಿನ್ನಿಗೆ ಹತ್ತಿರ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆಯುತ್ತಾರಲ್ಲ, ಹಾಗೆ ಅದು ಸೀಟು ಹಿಡಿಯುತ್ತದೆ. ಟವೆಲ್ಲೇನು ಪ್ರಯಾಣ ಮಾಡುತ್ತದೆಯೇ? ಸಂಕೇತವೂ ಇಲ್ಲ, ಜಾಗವೂ ಇಲ್ಲ; ಅಡೆನೊಸಿನ್ ನಿಂತೇ ಇರಬೇಕು. ದಿನಾ ಇದೇ ನಡೆದರೆ ದೇಹ ರಿಸೆಪ್ಟರುಗಳ ಸಂಖ್ಯೆಯನ್ನೇ ಹೆಚ್ಚಿಸುತ್ತದೆ. ಕಾಫಿ ನಿಂತ ದಿನ ಆ ಸೀಟುಗಳೆಲ್ಲ ಅಡೆನೊಸಿನ್ನಿನ ಪಾಲು; ಏಕಾದಶಿಯೆಂದು ಕಾಫಿ ಬಿಟ್ಟವರ ತಲೆ ಸಿಡಿಯುವುದಕ್ಕೆ ಹಸಿವೊಂದೇ ಕಾರಣವಲ್ಲ.

ನರಗಳು ಹೀಗೆ ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1921ರಲ್ಲಿ, ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ. ಅಲ್ಲಿನ ವಿಜ್ಞಾನಿ ಆಟೊ ಲೋವಿಗೆ ನಡುರಾತ್ರಿ ಪ್ರಯೋಗವೊಂದು ಹೊಳೆಯಿತು; ಚೀಟಿಯಲ್ಲಿ ಗೀಚಿ ಮಲಗಿದ. ಬೆಳಿಗ್ಗೆ ತನ್ನ ಅಕ್ಷರ ತನಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಯೋಚನೆ ಮತ್ತೆ ಬಂದಾಗ ಚೀಟಿಯನ್ನು ನಂಬದೆ ನೇರ ಪ್ರಯೋಗಾಲಯಕ್ಕೆ ನಡೆದ. (ರಾತ್ರಿ ಮೂರಕ್ಕೆ ಎಚ್ಚರವಾದರೆ ನನಗೆ ಹೊಳೆಯುವುದು ಗ್ಯಾಸ್ ಬುಕ್ ಮಾಡಿಲ್ಲ ಎಂಬುದು ಮಾತ್ರ.) ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿದ, ಬಡಿತ ನಿಧಾನವಾಯಿತು. ಆ ಹೃದಯ ನೆನೆದಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹನಿಸಿದ. ನರವನ್ನು ಯಾರೂ ಮುಟ್ಟದೆಯೇ ಅದೂ ನಿಧಾನವಾಯಿತು! ಮೊದಲ ಹೃದಯದ ನರ ದ್ರವಕ್ಕೆ ಬಿಟ್ಟಿದ್ದ ರಾಸಾಯನಿಕ ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿಗೆ ಇನ್ನೊಬ್ಬ ವಿಜ್ಞಾನಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು.

ಅಡೆನೊಸಿನ್ನಿಗೂ ಹೃದಯದ ನಂಟುಂಟು. ಕೆಲವು ಬಗೆಯ ವಿಪರೀತ ಬಡಿತಕ್ಕೆ ವೈದ್ಯರು ಅದನ್ನೇ ರಕ್ತನಾಳಕ್ಕೆ ಚುಚ್ಚುತ್ತಾರೆ. ಸೆಕೆಂಡುಗಳಲ್ಲಿ ಕೆಲಸ ಮುಗಿಸಿ ಮಾಯವಾಗುತ್ತದೆ. ಅಡೆನೊಸಿನ್ ಕೊಟ್ಟು ಮಾಡುವ ಹೃದಯ ಪರೀಕ್ಷೆಗೆ ಮುಂಚೆ ಕಾಫಿ ಕುಡಿಯಬೇಡಿ ಎನ್ನುವುದೂ ಕೆಫೀನಿನ ಟವೆಲ್ ಸೀಟು ಹಿಡಿದಿರುತ್ತದೆ ಎಂದೇ.

ಕುಡಿದ ಕೆಫೀನಿನ ಅರ್ಧ ಭಾಗ ಮೈಬಿಡಲು ಸುಮಾರು 5 ಗಂಟೆ ಬೇಕು, ಗರ್ಭಿಣಿಯರಿಗೆ ಇನ್ನೂ ಹೆಚ್ಚು. ಸಂಜೆ ಆರರ ಕಾಫಿಯ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. ಹಾಗೆಂದು ಮನೆಗೆ ಬಂದ ನೆಂಟರಿಗೆ ಇಲ್ಲವೆನ್ನಲಾದೀತೆ? ಬೈಟು ಮಾಡಿ ಕುಡಿಯಿರಿ.